ಮಲೇಶಿಯಾದಲ್ಲಿ ನಾನು ಹೊಡೆದ ರಿಟರ್ನ್

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಬಹಳ ಕಾಲ ಬದುಕಿದವನಿಗೆ ಮನುಷ್ಯರಲ್ಲಿ ಎರಡೇ ಪಂಗಡ ಕಾಣಿಸುತ್ತವೆ: ಕೂತವರು ಮತ್ತು ನಿಂತವರು. ಜಾತಿ, ಭಾಷೆ, ಸಂಬಳ ಇವೆಲ್ಲ ರೈಲಿನಿಂದ ಇಳಿದ ಮೇಲಿನ ವಿಚಾರ. ನಾನು ನಿಂತವರ ಪಂಗಡದವನು, ಆದರೆ ಮನಸ್ಸು ಸದಾ ಕೂತವರ ಕಡೆಗೇ. ಖಾಲಿ ಸೀಟು ಕಂಡರೆ ನನ್ನಿಂದ ತಡೆಯಲಾಗುವುದಿಲ್ಲ. ಮದುವೆಗೆ ಹೋದರೆ ಮುಹೂರ್ತಕ್ಕೆ ಮುಂಚೆಯೇ ಊಟದ ಪಂಕ್ತಿಯಲ್ಲಿ ಜಾಗ ನೋಡಿಟ್ಟುಕೊಳ್ಳುತ್ತೇನೆ. ಕ್ಲಿನಿಕ್ಕಿನಲ್ಲಿ ಕುರ್ಚಿ ಖಾಲಿಯಾದರೆ ಜ್ವರ ಮರೆತು ಓಡುತ್ತೇನೆ. ಒಮ್ಮೆ ಪಕ್ಕದೂರು ಕಲ್ಯಾಣದಲ್ಲಿ ಪರಿಚಯದವರೊಬ್ಬರ ಉತ್ತರಕ್ರಿಯೆಗೆ ಹೋಗಿದ್ದಾಗ ಎದುರಿಗಿದ್ದ ಹಿರಿಯರೊಬ್ಬರು ಎದ್ದರು, ನಾನು ಗಪ್ಪನೆ ಅವರ ಕುರ್ಚಿಯಲ್ಲಿ ಕೂತುಬಿಟ್ಟೆ. ಪಾಪ, ಅವರು ಎದ್ದದ್ದು ಫೋಟೋಕ್ಕೆ ಹೂ ಹಾಕಲು. ತಿರುಗಿ ಬಂದು ನನ್ನೆದುರು ನಿಂತರು. ನಾನು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ನಿದ್ದೆ ಹತ್ತಿದವನಂತೆ ತಲೆ ವಾಲಿಸಿದೆ. ಸತ್ತವರ ಮನೆಯಲ್ಲಿ ಗೊರಕೆ ಹೊಡೆದ ಮನುಷ್ಯ ಎಂಬ ಹೆಸರು ಬಂತು, ಆದರೆ ಸೀಟು ಉಳಿಯಿತು.

ಈ ರೋಗ ನನಗೊಬ್ಬನಿಗೇ ಇದ್ದಿದ್ದರೆ ಔಷಧಿ ಮಾಡಿಸಬಹುದಿತ್ತು. ಇದು ಇಡೀ ಊರಿಗೇ ಇದೆ. ಬೆಳಿಗ್ಗೆ ಮುಂಬೈ ಕಡೆ ಹೋಗುವ ಲೋಕಲ್ ಡೊಂಬಿವಲಿಗೆ ಬರುವಷ್ಟರಲ್ಲಿ ಕಾಲು ಬೆರಳಿಡಲೂ ಜಾಗವಿರುವುದಿಲ್ಲ. ಹಾಗಾಗಿ ನಾವು ಬುದ್ಧಿವಂತರು ಏನು ಮಾಡುತ್ತೇವೆಂದರೆ, ಮುಂಬೈಗೆ ಹೋಗಬೇಕಾದವರು ಮೊದಲು ತದ್ವಿರುದ್ಧ ದಿಕ್ಕಿನ ಕಲ್ಯಾಣ ಲೋಕಲ್ ಹತ್ತುತ್ತೇವೆ. ಅದು ಕಲ್ಯಾಣದಲ್ಲಿ ಖಾಲಿಯಾಗುತ್ತದೆ. ನಾವು ಇಳಿಯುವುದಿಲ್ಲ. ಕಿಟಕಿ ಪಕ್ಕ ಬಿಮ್ಮನೆ ಕೂತು, ಅದೇ ಗಾಡಿ ಮುಂಬೈಗೆ ಹೊರಟಾಗ ರಾಜರ ಹಾಗೆ ನಮ್ಮೂರಿನ ಸ್ಟೇಷನ್ನನ್ನು ದಾಟಿ ಹೋಗುತ್ತೇವೆ. ಇದಕ್ಕೆ 'ರಿಟರ್ನ್ ಹೊಡೆಯುವುದು' ಎನ್ನುತ್ತಾರೆ. ಇನ್ನೂ ಪರೋಪಕಾರಿಗಳಾದರೆ ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಸಿ, ಡೊಂಬಿವಲಿಯಲ್ಲಿ ಹತ್ತುವ ಗೆಳೆಯನಿಗೂ ಜಾಗ ಹಿಡಿದಿಡುತ್ತಾರೆ. ನಾನು ಈ ಕಲೆಯಲ್ಲಿ ಪಳಗಿದವನು. ನನ್ನ ಕರ್ಚೀಫು ಬಿದ್ದ ಜಾಗದಲ್ಲಿ ಕೂರುವ ಧೈರ್ಯ ನಮ್ಮ ಡಬ್ಬಿಯಲ್ಲಿ ಯಾರಿಗೂ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ.

ಇಂಥ ಮನುಷ್ಯನಿಗೆ ದೇವರು ಒಬ್ಬ ಆಟಗಾರ್ತಿ ಮಗಳನ್ನು ಕೊಟ್ಟ. ಪ್ರಣತಿ ಒಂಬತ್ತನೇ ಕ್ಲಾಸು. ಥ್ರೋಬಾಲ್ ಆಡುತ್ತಾಳೆ. ನಮ್ಮ ವಂಶದಲ್ಲಿ ಚೆಂಡು ಮುಟ್ಟಿದವರು ಯಾರೂ ಇಲ್ಲ. ನಮ್ಮಪ್ಪ ಉಡುಪಿಯಿಂದ ಬಂದು ಕಲ್ಯಾಣದಲ್ಲಿ ಹೋಟೆಲ್ ಇಟ್ಟವರು, ಅವರ ಕೈಯಲ್ಲಿ ಉಂಡೆಯಾಗಿ ಇದ್ದದ್ದೆಂದರೆ ಗೋಳಿಬಜೆ ಮಾತ್ರ. ಹೆಂಡತಿ ಸುಮತಿ ಧಾರವಾಡದವಳು, ಇಲ್ಲೇ ಶಾಲೆಯಲ್ಲಿ ಟೀಚರ್. ಅವಳ ಕಡೆಯೂ ಆಟವೆಂದರೆ ಮಾತಿನದ್ದೇ. ಹೀಗಿರುವಾಗ ಮಗಳು ಕ್ಲಬ್ ತಂಡಕ್ಕೆ ಆಯ್ಕೆಯಾದಾಗ ನನಗೆ ಹೆಮ್ಮೆಯಿಂದ ಎದೆ ಉಬ್ಬಿತು, ಆದರೆ ಆ ಉಬ್ಬಿದ ಎದೆ ಹೊತ್ತುಕೊಂಡು ಮೈದಾನಕ್ಕೆ ಹೋಗಲು ಮಾತ್ರ ಒಮ್ಮೆಯೂ ಆಗಲಿಲ್ಲ. ಅವಳ ಪಂದ್ಯಗಳೆಲ್ಲ ಕೆಲಸದ ದಿನ. ನಾನು ಆಫೀಸಿನಿಂದ ಬರುವಾಗ ಅವಳು ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂತಿರುತ್ತಾಳೆ. "ಗೆದ್ರಾ?" ಎಂದು ಕೇಳುತ್ತೇನೆ. "ಹಾಂ" ಎನ್ನುತ್ತಾಳೆ. ಅಷ್ಟೇ. ಮಗಳು ಆಡುವುದನ್ನು ನಾನು ಕಣ್ಣಾರೆ ಕಂಡೇ ಇರಲಿಲ್ಲ.

ಆದ್ದರಿಂದ ಮಲೇಶಿಯಾದ ಒಂದು ಕ್ಲಬ್ಬಿನವರು ತಮ್ಮೂರಿನ ಪಂದ್ಯಾವಳಿಗೆ ಇವರ ತಂಡವನ್ನು ಕರೆದಾಗ ನಾನು ಯಾರನ್ನೂ ಕೇಳದೆ ರಜೆ ಹಾಕಿಬಿಟ್ಟೆ. ನಾನು ಹೋಗುತ್ತೇನೆಂದರೆ ಸುಮತಿ, ಸುಮತಿ ಬರುತ್ತಾಳೆಂದರೆ ನಮ್ಮಮ್ಮ. ಅಮ್ಮನಿಗೆ ಮೊಣಕಾಲು ನೋವು. "ನನ್ನನ್ನು ಬಿಟ್ಟು ಹೋಗಿ ಮಾರಾಯ, ನನಗೆಂತಕ್ಕೆ ಫಾರಿನ್ನು?" ಎಂದು ಬಾಯಲ್ಲಿ ಹೇಳುತ್ತಲೇ ಪಾಸ್‌ಪೋರ್ಟ್ ಫೋಟೋಕ್ಕೆಂದು ಮದುವೆಯ ಸೀರೆ ತೆಗೆದರು. ತಯಾರಿಯೆಂದರೆ ಮುಖ್ಯವಾಗಿ ತಿಂಡಿಯದು. ಚಟ್ನಿಪುಡಿ, ಅವಲಕ್ಕಿ, ಸುಮತಿಯ ತವರಿನ ಶೇಂಗಾ ಹಿಂಡಿ. ಇದರ ಮೇಲೆ ಅಮ್ಮ ಒಣಕೊಬ್ಬರಿ ತುರಿದು ಡಬ್ಬ ತುಂಬಿಸಿದರು, ಅಲ್ಲಿ ತೆಂಗಿನಕಾಯಿ ಸಿಗುತ್ತದೋ ಇಲ್ಲವೋ ಎಂದು. ವಿಮಾನ ಇಳಿದು ಊರೊಳಗೆ ಹೋಗುವಾಗ ದಾರಿಯುದ್ದಕ್ಕೂ ತೆಂಗಿನ ಮರಗಳು. ಅಮ್ಮ ಕಿಟಕಿಯಿಂದ ಅವನ್ನೇ ನೋಡುತ್ತಿದ್ದು, ಕೊನೆಗೆ, "ಇವು ಎಲ್ಲ ಬೊಂಡದ ಮರ, ಬರೀ ಎಳನೀರಿಗೆ, ಅಡುಗೆಗೆ ಆಗುವುದಿಲ್ಲ" ಎಂದು ತೀರ್ಪು ಕೊಟ್ಟು ಡಬ್ಬವನ್ನು ಮಡಿಲಲ್ಲಿ ಭದ್ರ ಮಾಡಿಕೊಂಡರು.

ತಂಡದ ಹುಡುಗಿಯರಿಗೆ ಕ್ರೀಡಾಂಗಣದ ಪಕ್ಕದಲ್ಲೇ ವಸತಿ. ನಮ್ಮಂಥ ಪಾಲಕರಿಗೆ ಊರಾಚೆ ಒಂದು ಹೋಟೆಲ್ಲು, ರೈಲು ಮಾರ್ಗದ ಕೊನೆಯ ನಿಲ್ದಾಣಕ್ಕೆ ಹತ್ತಿರ. ಮೊದಲ ದಿನಗಳಲ್ಲಿ ಎಲ್ಲ ಪಾಲಕರೂ ಸೇರಿ ಒಂದು ಬಸ್ಸಿನಲ್ಲಿ ಹೋಗಿ ಬಂದೆವು. ನಾನು ಎಲ್ಲರಿಗಿಂತ ಮೊದಲು ಒಳಗೆ ಓಡಿ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದೆ. ಹಿಡಿದದ್ದೇ ಬಂತು. ಪ್ರಣತಿ ಆಡಲೇ ಇಲ್ಲ. ಕೋಚ್ ಮೋರೆ ಸರ್ ಅವಳನ್ನು ಬೆಂಚಿನ ಮೇಲೆ ಕೂರಿಸಿಬಿಟ್ಟಿದ್ದರು. ಒಂದಾದ ಮೇಲೊಂದು ಪಂದ್ಯ ನಡೆಯಿತು, ಅವಳು ನೀರಿನ ಬಾಟಲಿ ಕೊಡುವುದು, ಟವೆಲ್ ಕೊಡುವುದು, ಚಪ್ಪಾಳೆ ತಟ್ಟುವುದು. ಬದುಕಿಡೀ ಸೀಟಿಗಾಗಿ ಬಡಿದಾಡಿದ ನನಗೆ, ಕೂತಿರುವ ಒಬ್ಬರನ್ನು ನೋಡಿ ಅಯ್ಯೋ ಎನಿಸಿದ್ದು ಅದೇ ಮೊದಲು. "ಆ ಮಾಸ್ತರಗ ಕಣ್ಣಿಲ್ಲೇನ್ರೀ?" ಎಂದು ಸುಮತಿ ಹಲ್ಲು ಕಡಿದಳು. ಅಮ್ಮ ಮಾತ್ರ, "ಪಾಪ, ಮಗುವಿಗೆ ರೆಸ್ಟ್ ಕೊಡ್ತಿದ್ದಾರೆ, ಒಳ್ಳೆ ಮನುಷ್ಯ" ಎಂದರು.

ಕೊನೆಯ ಪಂದ್ಯದ ಹಿಂದಿನ ಸಂಜೆ ಪ್ರಣತಿಯ ಫೋನು. ಉಸಿರು ಕಟ್ಟಿಕೊಂಡು ಮಾತಾಡಿದಳು. "ಪಪ್ಪಾ, ಕಲ್ ಸರ್ ಮೇರೇಕೋ ಖಿಲಾನೇವಾಲೇ ಹೈ! ಪೂರಾ ಸೆಟ್! ತೂ ಟೈಮ್ ಪೇ ಆ ಹಾಂ, ಪ್ಲೀಸ್." ನಾಳೆ ಸರ್ ಅವಳನ್ನು ಇಡೀ ಸೆಟ್ ಆಡಿಸುತ್ತಾರಂತೆ, ನಾನು ಸಮಯಕ್ಕೆ ಸರಿಯಾಗಿ ಬರಬೇಕಂತೆ. ನಮ್ಮ ಮಗಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ. "ಬರದೆ ಇರ್ತೇನಾ ಮಗಾ? ಎಲ್ಲರಿಗಿಂತ ಮೊದಲು ಅಲ್ಲಿರ್ತೇನೆ" ಎಂದೆ. ಆ ದಿನ ನನಗೆ ಊಟ ಸೇರಲಿಲ್ಲ.

ಮರುದಿನ ಬಸ್ಸು ಇರಲಿಲ್ಲ. ಉಳಿದ ಪಾಲಕರು ಟ್ಯಾಕ್ಸಿ ಮಾಡಿಕೊಂಡು ಹೊರಟರು. ರೈಲಿರುವಾಗ ಟ್ಯಾಕ್ಸಿ ಏಕೆ, ನಾನಿಲ್ಲವೇ, ಎಂದು ನಮ್ಮವರನ್ನು ಸ್ಟೇಷನ್ನಿಗೆ ನಡೆಸಿದೆ. ತಪ್ಪು ನಡೆದದ್ದು ಪ್ಲಾಟ್‌ಫಾರ್ಮಿನಲ್ಲಿ. ಊರ ಕಡೆ ಹೋಗುವ ರೈಲು ಬಂತು. ಒಳಗೆ ಸೀಟುಗಳೆಲ್ಲ ಭರ್ತಿ, ನಾಲ್ಕಾರು ಜನ ಕಂಬ ಹಿಡಿದು ಆರಾಮಾಗಿ ನಿಂತಿದ್ದರು. ಡೊಂಬಿವಲಿಯಲ್ಲಿ ಇಂಥ ಗಾಡಿ ಬಂದರೆ ಖಾಲಿ ಗಾಡಿ ಬಂತೆಂದು ಜನ ಗಾಬರಿಯಾಗುತ್ತಿದ್ದರು. ಆದರೆ ನನ್ನ ತಲೆಯಲ್ಲಿ ಅಮ್ಮನ ಮೊಣಕಾಲು. ಅಷ್ಟು ದೂರ ಅಮ್ಮನನ್ನು ನಿಲ್ಲಿಸಿಕೊಂಡು ಹೋಗುವುದೇ? ಎದುರಿನ ಪ್ಲಾಟ್‌ಫಾರ್ಮಿನ ಬೋರ್ಡು ನೋಡಿದೆ. ಕೊನೆಯ ನಿಲ್ದಾಣ ಅಲ್ಲೇ, ಎರಡು ಸ್ಟೇಷನ್ ಆಚೆ. ನನ್ನ ಮೈಯ ಕಣಕಣವೂ ಎದ್ದು ನಿಂತಿತು. ಇದು ಕಲ್ಯಾಣ, ನಾವಿರುವುದು ಡೊಂಬಿವಲಿ!

"ಈ ಗಾಡಿ ಬಿಡಿ. ನಾನು ರಿಟರ್ನ್ ಹೊಡೆದು ಬರ್ತೇನೆ. ಮೂರು ಸೀಟು ಹಿಡ್ಕೊಂಡು ಬರ್ತೇನೆ, ನೀವು ಇಲ್ಲೇ ಹತ್ತಿ" ಎಂದೆ.

ಸುಮತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ರೀ, ನಿಮಗೇನ್ ಹುಚ್ಚಗಿಚ್ಚ ಹಿಡದದೇನು? ಸಮುದ್ರ ದಾಟಿ ಬಂದು ಇಲ್ಲೂ ರಿಟರ್ನಾ? ನಿಂತ ಹೋದ್ರ ಏನ್ ಸಾಯ್ತೀವೇನು?"

"ಅಮ್ಮನ ಕಾಲು?"

"ನನ್ನ ಕಾಲಿಗೆ ಎಂತ ಆಗ್ಲಿಕ್ಕುಂಟು?" ಎಂದರು ಅಮ್ಮ. "ನೀನು ಸುಮ್ಮನೆ ಬಾ."

ನಾನು ಕೇಳುವವನೇ? ಎದುರಿನ ಗಾಡಿ ಬಂದೇ ಬಿಟ್ಟಿತ್ತು. "ಮೂರನೇ ಡಬ್ಬಿ! ಕೈ ಬೀಸ್ತೇನೆ!" ಎಂದು ಕೂಗಿ ಸೇತುವೆ ದಾಟಿ ಓಡಿ ಹತ್ತಿದೆ. ಗಾಡಿ ಹೊರಟಾಗ ಇಬ್ಬರೂ ಆಚೆ ಪ್ಲಾಟ್‌ಫಾರ್ಮಿನಲ್ಲಿ ಬಾಯಿ ತೆರೆದು ನಿಂತಿದ್ದರು. ಮೆಚ್ಚುಗೆಯಿಂದ ಎಂದು ನಾನು ತಿಳಿದೆ.

ಕೊನೆಯ ನಿಲ್ದಾಣ ಬಂತು. ಎಲ್ಲರೂ ಇಳಿದರು. ನಾನು ಕಿಟಕಿ ಪಕ್ಕಕ್ಕೆ ಸರಿದು, ಪಕ್ಕದ ಸೀಟಿಗೆ ಕರ್ಚೀಫು, ಅದರ ಪಕ್ಕಕ್ಕೆ ಕೈಯಲ್ಲಿದ್ದ ಅವಲಕ್ಕಿಯ ಚೀಲ ಇಟ್ಟು, ಯಾರ ಕಣ್ಣಿಗೂ ಕಣ್ಣು ಕೊಡದೆ ಕೂತೆ. ಈ ಕಣ್ಣು ಕೊಡದಿರುವುದು ಬಹಳ ಮುಖ್ಯ. ಆದರೆ ಹತ್ತುವವರು ಯಾರೂ ಬರಲಿಲ್ಲ. ದೀಪಗಳು ಆರಿದವು. ಆಮೇಲೆ ತಲೆಗೆ ಸ್ಕಾರ್ಫ್ ಕಟ್ಟಿದ್ದ ರೈಲಿನ ಹುಡುಗಿಯೊಬ್ಬಳು ಬಂದು, "ಸರ್, ಲಾಸ್ಟ್ ಸ್ಟೇಷನ್" ಎಂದಳು. "ಐ ನೋ" ಎಂದು ನಾನು ನಕ್ಕು, ಬೆರಳಿನಿಂದ ಗಾಳಿಯಲ್ಲಿ ಒಂದು ತಿರುವು ಬರೆದು ತೋರಿಸಿದೆ. "ರಿಟರ್ನ್." ಅವಳಿಗೆ ಅರ್ಥವಾಗಲಿಲ್ಲ. ನನಗೆ ತಲೆ ಸುತ್ತುತ್ತಿದೆಯೆಂದು ತಿಳಿದಳೋ ಏನೋ, ನೀರು ಬೇಕೇ ಎಂದು ಕೇಳಿದಳು. ಕೊನೆಗೆ ಬಹಳ ಮರ್ಯಾದೆಯಿಂದ, ಈ ಗಾಡಿ ಶೆಡ್ಡಿಗೆ ಹೋಗುತ್ತದೆ, ಮುಂದಿನದು ಬರುವುದು ತುಂಬಾ ಹೊತ್ತಿನ ಮೇಲೆ ಎಂದಳು. ಮುಂಬೈಯಲ್ಲಿ ಒಂದು ಗಾಡಿ ಹೋದರೆ ಬೆನ್ನಿಗೇ ಇನ್ನೊಂದು ಬರುತ್ತದೆ. ಮಲೇಶಿಯಾದಲ್ಲೂ ಹಾಗೆಯೇ ಎಂದು ವಿಚಾರಿಸುವ ಬುದ್ಧಿ ಈ ಪಳಗಿದ ಕಲಾವಿದನಿಗೆ ಬಂದಿರಲಿಲ್ಲ.

ಫೋನ್ ಮಾಡೋಣವೆಂದರೆ ಆ ದೇಶದ ಸಿಮ್ ಹಾಕಿಸಿದ್ದು ಸುಮತಿಯ ಫೋನಿಗೆ ಮಾತ್ರ. ಒಬ್ಬರಿಗಿದ್ದರೆ ಸಾಕು, ನಾವೇನು ಬೇರೆ ಬೇರೆ ತಿರುಗುತ್ತೇವೆಯೇ ಎಂದು ಹೇಳಿದವನು ನಾನೇ. ಟ್ಯಾಕ್ಸಿ ಹಿಡಿಯೋಣವೆಂದರೆ, ಅವರಿಬ್ಬರು ಅಲ್ಲಿ ಮೂರನೇ ಡಬ್ಬಿಗಾಗಿ ಕಾಯುತ್ತಿರುತ್ತಾರಲ್ಲ! ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತೆ, ಎದ್ದೆ, ಹಳಿ ಬಗ್ಗಿ ನೋಡಿದೆ, ಮತ್ತೆ ಕೂತೆ. ಪ್ರಣತಿ ಇಷ್ಟು ಹೊತ್ತಿಗೆ ಅಂಗಳಕ್ಕೆ ಇಳಿದಿರಬಹುದು, ಗ್ಯಾಲರಿಯಲ್ಲಿ ನನ್ನನ್ನು ಹುಡುಕುತ್ತಿರಬಹುದು. ಎಷ್ಟೋ ಹೊತ್ತಿಗೆ ಗಾಡಿ ಬಂತು. ಪೂರ್ತಿ ಖಾಲಿ. ನಾನು ಮೂರನೇ ಡಬ್ಬಿಗೆ ಹೋಗಿ ಮತ್ತೆ ಕರ್ಚೀಫು ಹಾಸಿದೆ, ಚೀಲ ಇಟ್ಟೆ. ಇಡೀ ಡಬ್ಬಿಯಲ್ಲಿ ನನ್ನನ್ನು ಬಿಟ್ಟರೆ ಒಬ್ಬ ಚೀನೀ ಮುದುಕ. ಅಷ್ಟೊಂದು ಖಾಲಿ ಸೀಟುಗಳ ನಡುವೆ ಎರಡನ್ನು ಕಾಯುತ್ತಾ ಕೂತ ನನ್ನನ್ನು ಅವನು ಕನಿಕರದಿಂದ ನೋಡಿದ.

ನಮ್ಮ ಸ್ಟೇಷನ್ ಬಂತು. ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ಬೆಕ್ಕು ಇತ್ತು, ಅದು ಎದ್ದು ಹೋಯಿತು.

ಆಮೇಲೆ ತಿಳಿದದ್ದು ಇಷ್ಟು. ಅವರಿಬ್ಬರೂ ಸ್ವಲ್ಪ ಹೊತ್ತು ಕಾದು, ಊರ ಕಡೆಯ ಇನ್ನೊಂದು ಗಾಡಿ ಬಂದಾಗ, "ನಡೀರಿ ಅತ್ತಿ, ಇವರನ್ನ ಕಾದ್ರ ಹುಡುಗಿ ಮದುವಿ ಹೊತ್ತಿಗೆ ಹೋಗಿ ಮುಟ್ಟತೀವಿ" ಎಂದು ಸುಮತಿ ಅಮ್ಮನನ್ನು ಹತ್ತಿಸಿದಳು. ಅದು ನಡುವೆ ಬಂದು ಕೂಡುವ ಇನ್ನೊಂದು ಮಾರ್ಗದ ಗಾಡಿಯಂತೆ, ನಾನಿದ್ದ ನಿಲ್ದಾಣಕ್ಕೆ ಬರದೆ ಬಂದದ್ದು. "ಎಂಥ ಒಳ್ಳೆ ಜನ ಗೊತ್ತುಂಟಾ!" ಎಂದು ಅಮ್ಮ ಈಗಲೂ ಹೇಳುತ್ತಾರೆ. "ನಾನು ಕಾಲಿಟ್ಟದ್ದೇ ತಡ, ಒಂದು ಹುಡುಗ ಎದ್ದ, ಒಬ್ಬಳು ಹೆಂಗಸು ಎದ್ದಳು. ಯಾರ ಹತ್ರ ಹೋಗಿ ಕೂರುವುದು ಅಂತಲೇ ನನಗೆ ಮಂಡೆಬಿಸಿ."

ನಾನು ಕ್ರೀಡಾಂಗಣಕ್ಕೆ ಓಡುತ್ತಾ ನುಗ್ಗಿದಾಗ ಹುಡುಗಿಯರು ಸಾಲಾಗಿ ನಿಂತು ಎದುರಾಳಿಗಳ ಕೈ ಕುಲುಕುತ್ತಿದ್ದರು. ಎಲ್ಲ ಮುಗಿದಿತ್ತು. ಪ್ರಣತಿಯ ಜರ್ಸಿ ಬೆವರಿಗೆ ಬೆನ್ನಿಗಂಟಿತ್ತು, ಕೂದಲೆಲ್ಲ ಕೆದರಿತ್ತು, ಮುಖ ಕೆಂಪಾಗಿತ್ತು. ನನ್ನನ್ನು ಕಂಡದ್ದೇ ಓಡಿಬಂದಳು. "ಪಪ್ಪಾ! ದೇಖಾ?"

ಆ ಮುಖ ನೋಡಿ ಇಲ್ಲ ಎನ್ನಲು ಯಾವ ಅಪ್ಪನಿಗೆ ಬಾಯಿ ಬರುತ್ತದೆ? "ದೇಖಾ, ದೇಖಾ! ಫಸ್ಟ್ ಕ್ಲಾಸ್!" ಎಂದೆ.

"ಔರ್ ವೋ ಲಾಸ್ಟ್‌ವಾಲಾ ಥ್ರೋ?"

"ಅದಂತೂ ಸೂಪರ್! ಎಲ್ಲದಕ್ಕಿಂತ ಅದೇ!"

ಹಿಂದೆ ನಿಂತಿದ್ದ ಸುಮತಿ ಹಣೆ ಹಣೆ ಚಚ್ಚಿಕೊಂಡಳು. ಅವಳ ಕೊನೆಯ ಥ್ರೋ ಬಲೆಗೆ ಬಿದ್ದಿತ್ತಂತೆ. ಸೆಟ್ ಗೆದ್ದದ್ದು ಅದಕ್ಕೂ ಹಿಂದೆ ಅವಳು ತಂದ ಪಾಯಿಂಟುಗಳಿಂದ. ಮಗಳ ನಗು ಅಲ್ಲೇ ನಿಂತಿತು. "ತೂ ಆಲಾಚ್ ನವ್ಹತಾಸ್ ನಾ?" ಎಂದಳು. ನೀನು ಬಂದೇ ಇರಲಿಲ್ಲ, ಅಲ್ವಾ? ಮರಾಠಿಗೆ ಇಳಿದಿದ್ದಳು. ನಾನು ಏನೋ ಹೇಳಲು ಹೋದೆ, ಅಮ್ಮನ ಕಾಲು ಎಂದೆ, ಶೆಡ್ಡು ಎಂದೆ. ಅವಳು ಕೇಳಿಸಿಕೊಳ್ಳದೆ ಗೆಳತಿಯರ ಜೊತೆ ಹೊರಟುಹೋದಳು. ನಾನು ನಡುವಯಸ್ಸಿನ ಗಂಡಸು, ಪರದೇಶದಲ್ಲಿ, ಕೈಯಲ್ಲಿ ಅವಲಕ್ಕಿಯ ಚೀಲ ಹಿಡಿದುಕೊಂಡು ಅತ್ತೆ. ಸುಮತಿ ಬೈಯಲೆಂದು ಹತ್ತಿರ ಬಂದವಳು ನನ್ನ ಕೈಯಿಂದ ಚೀಲ ಇಸಿದುಕೊಂಡಳು. ಅದು ಇನ್ನೂ ಕಷ್ಟವಾಯಿತು.

ಸಂಜೆ ಮೋರೆ ಸರ್ ಅವಳನ್ನು ನಮ್ಮ ಹೋಟೆಲ್ಲಿಗೆ ಕಳಿಸಿದರು. ಬಂದವಳು ಅಜ್ಜಿಯ ಪಕ್ಕ ಕೂತು ಅವಲಕ್ಕಿ ತಿಂದಳು. ನನ್ನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಸುಮತಿಗೆ ನೆನಪಾಯಿತು. "ಏ, ನಾನು ಪೂರಾ ಸೆಟ್ ವಿಡಿಯೋ ಮಾಡೀನಲ್ಲ! ತಗೋರಿ, ಈಗರ ನೋಡ್ರಿ" ಎಂದು ಫೋನ್ ಕೊಟ್ಟಳು. ನನಗೆ ಹೋದ ಜೀವ ಬಂತು. ಒತ್ತಿದೆ. ಪರದೆಯ ಮೇಲೆ ಸುಮತಿಯ ಮುಖ. ಪಕ್ಕದಲ್ಲಿ ಅಮ್ಮನ ಮುಖ. ಮುಂದಕ್ಕೆ ಓಡಿಸಿದೆ, ಮತ್ತೆ ಅವರದೇ ಮುಖಗಳು. ಸುಮತಿ ಸೆಲ್ಫಿ ಕ್ಯಾಮೆರಾದಲ್ಲಿ ಇಡೀ ಸೆಟ್ ಚಿತ್ರೀಕರಿಸಿದ್ದಳು. ಥ್ರೋಬಾಲ್ ಪಂದ್ಯದ ಆ ವಿಡಿಯೋದಲ್ಲಿ ಚೆಂಡು ಒಂದು ಸಲವೂ ಇರಲಿಲ್ಲ.

ಮೊದಲು ನಕ್ಕದ್ದು ಪ್ರಣತಿ. ಹೊಟ್ಟೆ ಹಿಡಿದುಕೊಂಡು ಹಾಸಿಗೆಯ ಮೇಲೆ ಉರುಳಿದಳು. ಆಮೇಲೆ ಎದ್ದು ಬಂದು ನನ್ನ ಭುಜಕ್ಕೆ ಆತು ಕೂತು ಫೋನನ್ನು ಹಿಂದಕ್ಕೆ ತಿರುಗಿಸಿದಳು. "ಇಧರ್ ದೇಖ್ ಪಪ್ಪಾ. ಅಜ್ಜಿ ಕಣ್ಣು ಮುಚ್ಚಿದ್ರು ನಾ, ತಬ್ ಮೇರಾ ಸರ್ವಿಸ್ ಥಾ. ಇಲ್ಲಿ ಮಮ್ಮಿ ಕಿರುಚಿದ್ದು, ಕ್ಯಾಚ್. ಡೈವ್ ಮಾರ್‌ಕೇ ಲಿಯಾ." ಅಮ್ಮನ ಬಾಯಿ ದೊಡ್ಡದಾಗಿ ತೆರೆದುಕೊಂಡಿತು. "ಯೇ ಪಾಯಿಂಟ್!" ಅಮ್ಮ ಎರಡು ಕೈ ಎತ್ತಿ ತುಳುವಿನಲ್ಲಿ ಏನೋ ಕೂಗಿದರು. "ಯೇ ಭೀ!" ಹೀಗೆ ನಾನು ನನ್ನ ಮಗಳ ಆಟವನ್ನು ನನ್ನ ಅಮ್ಮನ ಮುಖದಲ್ಲಿ ನೋಡಿದೆ. ನೋಡುತ್ತಾ ನೋಡುತ್ತಾ ಒಂದು ವಿಷಯ ಹೊಳೆಯಿತು. ಯಾವ ಮೊಣಕಾಲಿಗಾಗಿ ನಾನು ಶೆಡ್ಡಿನವರೆಗೆ ಹೋಗಿ ಬಂದಿದ್ದೆನೋ ಆ ಮೊಣಕಾಲಿನ ಮೇಲೆ ಅಮ್ಮ ಇಡೀ ಸೆಟ್ ನಿಂತೇ ಇದ್ದರು. "ಅಲ್ಲಮ್ಮ, ಕೂರಬಾರದಿತ್ತಾ?" ಎಂದೆ. "ಎಂತ ಮಾತಾಡ್ತಿ ನೀನು?" ಎಂದು ಅಮ್ಮನೇ ಗದರಿದರು. "ಮಗು ಅಲ್ಲಿ ಆಡ್ತಾ ಉಂಟು, ನಾನು ಕೂರುವುದಾ?"

ಊರಿಗೆ ಬಂದ ಮೇಲೆ ಆ ವಿಡಿಯೋವನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಮೊದಲ ದಿನ ಲೋಕಲ್‌ನಲ್ಲಿ ನನ್ನ ಡಬ್ಬಿಯ ಗೆಳೆಯರಿಗೆ ತೋರಿಸಿದೆ. ರಿಟರ್ನ್ ಹೊಡೆದು ಬಂದು ಕೂತಿದ್ದ ಪಾಟೀಲ ಮತ್ತು ಅವನ ಸಂಗಡಿಗರು. ಅಂದು ರಿಟರ್ನ್ ಹೊಡೆಯದೆ ಅವರೆದುರು ಕೈಪಟ್ಟಿ ಹಿಡಿದು ನೇತಾಡುತ್ತಾ ನಾನು ವಿವರಣೆ ಕೊಟ್ಟೆ, ಇದು ಸರ್ವಿಸ್, ಇದು ಡೈವ್, ಇದು ಪಾಯಿಂಟ್ ಎಂದು, ಅಲ್ಲೇ ಇದ್ದವನ ಹಾಗೆ. ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ಎಲ್ಲರ ಕಣ್ಣು ಪರದೆಯ ಒಂದೇ ಜಾಗದಲ್ಲಿ ನೆಟ್ಟಿತ್ತು. "ಅರೇ ರಾವ್," ಎಂದ ಪಾಟೀಲ, "ಪೂರಾ ಸ್ಟೇಡಿಯಂ ಫುಲ್ ಹೈ. ಬೀಚ್ ಮೇ ವೋ ಏಕ್ ಸೀಟ್ ಖಾಲಿ ಕ್ಯೋಂ ಹೈ?"

ನಾನು ನೋಡಿದೆ. ಹೌದು, ನಿಂತಿದ್ದ ಸುಮತಿ ಮತ್ತು ಅಮ್ಮನ ನಡುವೆ ಒಂದು ಕುರ್ಚಿ. ಅದರ ಮೇಲೆ ಅಮ್ಮನ ಶಾಲು ಹಾಸಿತ್ತು. ಅಷ್ಟು ಸಲ ನೋಡಿಯೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಹಿಂದಕ್ಕೆ ತಿರುಗಿಸಿದೆ. ಒಬ್ಬಾತ ಮಗುವನ್ನು ಎತ್ತಿಕೊಂಡು ಬಂದು ಆ ಕುರ್ಚಿಯ ಕಡೆ ಕೈ ತೋರಿಸಿ ಏನೋ ಕೇಳುತ್ತಾನೆ. ಅಮ್ಮ ಅಂಗಳದಿಂದ ಕಣ್ಣು ಕೀಳದೆ ಶಾಲಿನ ಮೇಲೆ ಒಂದು ಕೈ ಇಡುತ್ತಾರೆ, ತುಟಿ ಅಲುಗುತ್ತದೆ. ಗಾಡಿಯ ಗದ್ದಲದಲ್ಲಿ ಕೇಳಿಸಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಜನ ಉಂಟು," ಎನ್ನುತ್ತಿದ್ದರು ಅಮ್ಮ, ಆ ಮಲೇಶಿಯಾದವನಿಗೆ, ಕನ್ನಡದಲ್ಲಿ. "ನನ್ನ ಮಗ. ಈಗ ಬರ್ತಾನೆ."

"ಕಿಸ್ಕಾ ಸೀಟ್ ಹೈ?" ಪಾಟೀಲ ಬಿಡಲಿಲ್ಲ.

"ಮೇರಾ."

"ಫಿರ್ ತೂ ಕಹಾಂ ಥಾ?"

ನಾನೆಲ್ಲಿದ್ದೆನೆಂದು ಹೇಗೆ ಹೇಳುವುದು? ಆದರೂ ಹೇಳಿದೆ. "ಸೀಟ್ ಪಕಡ್ನೇ ಗಯಾ ಥಾ." ಸೀಟು ಹಿಡಿಯಲು ಹೋಗಿದ್ದೆ.

ಬೇರೆ ಯಾರೇ ಆಗಿದ್ದರೂ ಬಿದ್ದು ಬಿದ್ದು ನಗುತ್ತಿದ್ದರು. ಆ ಡಬ್ಬಿಯಲ್ಲಿ ಒಬ್ಬನೂ ನಗಲಿಲ್ಲ. ಎಲ್ಲರೂ ಗಂಭೀರವಾಗಿ ತಲೆದೂಗಿದರು. "ಹಾಂ, ವೋ ತೋ ಜಾನಾ ಹೀ ಪಡ್ತಾ ಹೈ," ಅದಕ್ಕಂತೂ ಹೋಗಲೇಬೇಕು, ಎಂದು ಪಾಟೀಲ ನನ್ನ ಒದ್ದೆ ಕಣ್ಣು ನೋಡಿ, ಪಕ್ಕದವರನ್ನು ಒತ್ತಿ, ಸೀಟಿನ ತುದಿಯಲ್ಲಿ ಗೇಣು ಜಾಗ ಮಾಡಿಕೊಟ್ಟ. ಬೇಡ, ಇವತ್ತು ನಿಂತೇ ಬರುತ್ತೇನೆ ಎನ್ನಬೇಕೆಂದು ಮನಸ್ಸು ಹೇಳಿತು. ಅಷ್ಟು ಹೊತ್ತಿಗೆ ನಾನು ಕೂತಾಗಿತ್ತು.